ಸಡಿಲ ಕೀಲಿನ ಶೋಧ: ನಾಯಿಗಳ ಹಿಪ್ ಡಿಸ್ಪ್ಲೇಸಿಯಾ ಅಧ್ಯಯನದ ಚರಿತ್ರೆ

ನಾಯಿಯ ಸೊಂಟದ ಕೀಲು ಎರಡು ಭಾಗಗಳದು: ತೊಡೆಮೂಳೆಯ ದುಂಡು ತಲೆ, ಅದನ್ನು ಹಿಡಿದಿಡುವ ಶ್ರೋಣಿಯ ಗುಳಿ. ಮರಿಯಲ್ಲಿ ಈ ಗುಳಿ ಒಂದೇ ಮೂಳೆಯಲ್ಲ. ಶ್ರೋಣಿಯ ಬೇರೆ ಬೇರೆ ಮೂಳೆಗಳು ಬೆಳೆಯುತ್ತ ಅಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೆ ಅಂಚೆಲ್ಲ ಮೆತ್ತನೆಯ ಮೃದ್ವಸ್ಥಿ. ತಲೆ ಗುಳಿಯೊಳಗೆ ಬಿಗಿಯಾಗಿ ಕೂತರೆ ಎರಡೂ ಒಂದನ್ನೊಂದು ರೂಪಿಸುತ್ತ ಬೆಳೆಯುತ್ತವೆ. ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ತಲೆ ಹೊರಸರಿದು ಮೇಲಂಚನ್ನು ಒತ್ತುತ್ತದೆ; ಗುಳಿಯ ಆಳ ಕುಗ್ಗುತ್ತದೆ, ತಲೆ ಚಪ್ಪಟೆಯಾಗುತ್ತದೆ, ಕೊನೆಗೆ ಸಂಧಿವಾತ ಬರುತ್ತದೆ. ಇದೇ ಹಿಪ್ ಡಿಸ್ಪ್ಲೇಸಿಯಾ.

ಇಷ್ಟು ಸ್ಪಷ್ಟವಾಗಲು ಹಲವು ದಶಕಗಳು ಹಿಡಿದವು. ಅಮೆರಿಕದ ಬಾಸ್ಟನ್ ನಗರದ ಪಶುವೈದ್ಯ ಗೆರಿ ಶ್ನೆಲ್ಲೆ 1930ರ ದಶಕದ ನಡುವಿನಲ್ಲಿ ಈ ದೋಷವನ್ನು ಮೊದಲಿಗೆ ದಾಖಲಿಸಿದರು; ಅದನ್ನು ಹುಟ್ಟಿನಿಂದಲೇ ಬಂದದ್ದೆಂದು ಹೆಸರಿಸಿದರು. ಮುಂದೆ ಸಂಶೋಧಕ ವೇಯ್ನ್ ರೈಸರ್ ಮರಿಗಳ ಕೀಲುಗಳನ್ನು ಬಿಚ್ಚಿ ನೋಡಿ, ರೋಗಕ್ಕೆ ತುತ್ತಾಗುವ ಮರಿಯ ಕೀಲೂ ಹುಟ್ಟುವಾಗ ಸರಿಯಾಗಿಯೇ ಇರುತ್ತದೆ ಎಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತಿ ಮುಖ್ಯ ತಿರುವು ಇದೇ. ಕೀಲು ಕೆಡುವುದು ಬೆಳವಣಿಗೆಯ ತಿಂಗಳುಗಳಲ್ಲಿ ಎಂದಾದರೆ, ಆ ತಿಂಗಳುಗಳಲ್ಲಿ ತಡೆಯುವ ಅವಕಾಶವೂ ಇದೆ.

ಸ್ವೀಡನ್ನಿನಲ್ಲಿ ಸ್ಟೆನ್-ಎರಿಕ್ ಓಲ್ಸನ್, ನೋರ್ಬರ್ಗ್ ಮೊದಲಾದವರು ಎಕ್ಸ್-ರೇ ಚಿತ್ರಗಳನ್ನು ಅಳೆಯತೊಡಗಿದರು. ಎರಡೂ ತಲೆಗಳ ಕೇಂದ್ರವನ್ನು ಸೇರಿಸುವ ಗೆರೆಗೂ ಗುಳಿಯ ಅಂಚಿಗೂ ನಡುವಿನ ಕೋನ 105 ಡಿಗ್ರಿಗಿಂತ ಕಡಿಮೆಯಿದ್ದರೆ ಕೀಲು ಸಂಶಯಾಸ್ಪದ ಎಂಬ ನೋರ್ಬರ್ಗ್ ಕೋನ ಇಂದಿಗೂ ಬಳಕೆಯಲ್ಲಿದೆ. ಸಡಿಲತೆಯೇ ಮೂಲ, ಮೂಳೆಯ ವಿಕಾರ ಅದರ ಫಲ ಎಂಬ ವಿವರಣೆಯನ್ನೂ ಸ್ವೀಡನ್ನಿನ ಈ ವಿದ್ವಾಂಸರೇ 1966ರಲ್ಲಿ ಮುಂದಿಟ್ಟರು. ಅದೇ ವರ್ಷ ಅಮೆರಿಕದಲ್ಲಿ, ಲ್ಯಾಬ್ರಡಾರ್ ನಾಯಿಗಳನ್ನು ಸಾಕುತ್ತಿದ್ದ ಉದ್ಯಮಿ ಜಾನ್ ಓಲಿನ್ ಅವರ ಮುತುವರ್ಜಿಯಿಂದ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಹುಟ್ಟಿತು. ಎರಡು ವರ್ಷ ತುಂಬಿದ ನಾಯಿಗಳ ಎಕ್ಸ್-ರೇಗೆ ಅದು ಏಳು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ.

ಈ ಎಕ್ಸ್-ರೇಗಾಗಿ ನಾಯಿಯನ್ನು ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೀಳವಾಗಿ ಎಳೆದು ಒಳಕ್ಕೆ ತಿರುಗಿಸುತ್ತಿದ್ದರು. ಹಾಗೆ ಮಾಡಿದಾಗ ಕೀಲಿನ ಸುತ್ತಲ ಪೊರೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ತಲೆಯನ್ನು ಒಳಕ್ಕೆ ಎಳೆಯುತ್ತದೆ. ಯಾವ ಸಡಿಲತೆಯನ್ನು ಕಾಣಬೇಕಿತ್ತೋ ಅದನ್ನು ಪರೀಕ್ಷೆಯ ಭಂಗಿಯೇ ಮರೆಮಾಡುತ್ತಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ 1980ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ಅರಿವಳಿಕೆ ಕೊಟ್ಟ ನಾಯಿಯ ತೊಡೆಗಳ ನಡುವೆ ಉಪಕರಣವಿಟ್ಟು ತಲೆಗಳನ್ನು ಹೊರಕ್ಕೆ ಸರಿಸಿ ಚಿತ್ರ ತೆಗೆಯುವ ಈ ಪೆನ್‌ಹಿಪ್ ವಿಧಾನದಲ್ಲಿ, ಸಡಿಲತೆಗೆ ಸೊನ್ನೆಯಿಂದ ಒಂದರವರೆಗೆ ಸೂಚ್ಯಂಕವಿದೆ. 0.3ಕ್ಕಿಂತ ಕಡಿಮೆಯಿದ್ದರೆ ಸಂಧಿವಾತದ ಅಪಾಯ ತೀರಾ ಅಲ್ಪ. 16 ವಾರದ ಮರಿಯಲ್ಲೂ ಇದನ್ನು ಅಳೆಯಬಹುದು. ಸರಿಯಾದ ವಿವರಣೆ ಕೈಯಲ್ಲಿದ್ದೂ ತಕ್ಕ ಅಳತೆಗೋಲಿಗಾಗಿ ಸುಮಾರು ಎರಡು ದಶಕ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಸಡಿಲ ಕೀಲಿನ ನಾಯಿಗಳು ಒಳ್ಳೆಯ ದರ್ಜೆಯ ಪತ್ರ ಪಡೆದು ತಳಿವೃದ್ಧಿಗೆ ಬಳಕೆಯಾಗಿರಬೇಕು.

ಸಡಿಲತೆಯ ಒಲವು ಅನುವಂಶೀಯ. ಆದರೆ ಅನೇಕ ಜೀನ್‌ಗಳ ಕೂಡು ಪರಿಣಾಮ. ಆದ್ದರಿಂದಲೇ ನೋಡಲು ಚೆನ್ನಾಗಿರುವ ತಂದೆತಾಯಿಗೂ ರೋಗದ ಮರಿ ಹುಟ್ಟುತ್ತದೆ. ಆಹಾರದ ಪಾತ್ರವನ್ನು ಅಲುಗಾಡದಂತೆ ಸ್ಥಾಪಿಸಿದ್ದು ಸಂಶೋಧಕ ಕೀಲಿ ಮತ್ತು ಸಂಗಡಿಗರು 48 ಲ್ಯಾಬ್ರಡಾರ್‌ಗಳ ಮೇಲೆ ನಡೆಸಿದ ಅಧ್ಯಯನ. ಒಡಹುಟ್ಟಿದ ಜೋಡಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ತಿನ್ನಿಸಿದರು. ಕಡಿಮೆ ತಿಂದವುಗಳಲ್ಲಿ ಡಿಸ್ಪ್ಲೇಸಿಯಾ ಗಣನೀಯವಾಗಿ ತಗ್ಗಿತೆಂದು 1992ರಲ್ಲಿ ಪ್ರಕಟವಾಯಿತು. ಅವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವೆಂದು 2002ರಲ್ಲಿ ತಿಳಿಯಿತು.

ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿ ಕೊಳ್ಳುವವರು ವಂಶಾವಳಿಯ ಕಾಗದದ ಜೊತೆಗೆ ತಂದೆತಾಯಿಗಳ ಸೊಂಟದ ಎಕ್ಸ್-ರೇ ವರದಿಯನ್ನೂ ಕೇಳಿ ಪಡೆಯಬೇಕು. ಮನೆಗೆ ತಂದ ಮೇಲೆ ಮರಿ ಗುಂಡುಗುಂಡಾಗಿ ಕಾಣಲೆಂದು ಅದಕ್ಕೆ ಮಿತಿಮೀರಿ ತಿನ್ನಿಸಬೇಡಿ.