ಎರಡು ಬ್ಯಾಟರಿ, ಒಂದೇ 12.6

ಈ ವಾರ ವಿಡಿಯೋದಲ್ಲಿ ಆಡಿದ ಮಾತನ್ನೇ ಓದೋದಕ್ಕೆ ಅನುಕೂಲ ಆಗಲಿ ಅಂತ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಓಎಂಆರ್ ಅಕ್ಕಪಕ್ಕ ಮನೆ ಮಾಡಿಕೊಂಡಿರೋ ನಮ್ಮ ಕನ್ನಡದವರಲ್ಲಿ ಭಾನುವಾರ ಬೆಳಿಗ್ಗೆ ಆರ್‌ಸಿ ವಿಮಾನ, ಡ್ರೋನ್ ಹಾರಿಸೋರು ಒಂದಷ್ಟು ಜನ ಇದ್ದೀರಿ. ನಿಮ್ಮದು ಒಂದೇ ಪ್ರಶ್ನೆ: ಬಯಲಲ್ಲಿ ಪ್ಲಗ್ ಪಾಯಿಂಟ್ ಇರಲ್ಲ, ಕಾರಿನ ಬ್ಯಾಟರಿಯಿಂದ ಲಿಥಿಯಂ ಪ್ಯಾಕ್ ಚಾರ್ಜ್ ಮಾಡಬಹುದಾ? ಮಾಡಬಹುದು. ಆದರೆ ಹೇಗೆ ಅನ್ನೋದಕ್ಕೆ ಮುಂಚೆ ಹಳೇ ಕಥೆ ಒಂದನ್ನ ಕೇಳಬೇಕು.

2015ರ ಡಿಸೆಂಬರ್ 1 ನಿಮಗೆ ನೆನಪಿರಬಹುದು. ಮಾರನೇ ಬೆಳಿಗ್ಗೆ ಹೊತ್ತಿಗೆ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಸುರಿದಿತ್ತು. 1878ರಿಂದ ನಡೆದು ಬಂದ ದಿ ಹಿಂದೂ ಪತ್ರಿಕೆ ಅವತ್ತು ಚೆನ್ನೈನಲ್ಲಿ ಅಚ್ಚಾಗಲಿಲ್ಲ. ವೇಳಚೇರಿಯ ನಮ್ಮ ಅಪಾರ್ಟ್‌ಮೆಂಟಲ್ಲಿ ನೆಲಮಾಳಿಗೆಯ ಕಾರುಗಳೆಲ್ಲ ಮುಳುಗಿ, ರ‍್ಯಾಂಪ್ ಮೇಲೆ ನಿಂತಿದ್ದ ಒಂದು ಕಾರು ಮಾತ್ರ ಉಳೀತು. ಕರೆಂಟಿಲ್ಲ. ಫೋನ್‌ಗಳೆಲ್ಲ ಸತ್ತಿವೆ. ಧಾರವಾಡದಲ್ಲಿ ನಮ್ಮಮ್ಮ ಟಿವಿ ಮುಂದೆ ಕೂತು ಅಳ್ತಿರ್ತಾರೆ ಅಂತ ನನಗೆ ಗೊತ್ತು.

ಮೂರನೇ ಮಹಡಿಯ ಹುಡುಗನ ಹತ್ರ ಆರ್‌ಸಿ ವಿಮಾನದ ಮೂರು ಕೋಶದ ಲಿಪೋ ಪ್ಯಾಕ್ ಇತ್ತು, ಅದರಿಂದ ಫೋನ್ ತುಂಬಿಸೋ ಅಡಾಪ್ಟರೂ ಇತ್ತು. ಪ್ಯಾಕ್ ಮಾತ್ರ ಖಾಲಿ. ಅದರ ಚಾರ್ಜರ್ ನೆಲಮಾಳಿಗೆಯ ಕಾರಿನ ಜೊತೆ ನೀರು ಪಾಲಾಗಿತ್ತು. ಅವನು ಮಲ್ಟಿಮೀಟರ್ ತಂದು ರ‍್ಯಾಂಪ್ ಮೇಲಿನ ಕಾರಿನ ಬ್ಯಾಟರಿಗೆ ಇಟ್ಟ: 12.6 ವೋಲ್ಟ್. 'ನೋಡಿ ಸರ್, ಈ ಪ್ಯಾಕ್ ತುಂಬಿದಾಗಲೂ 12.6. ಎರಡೂ ಒಂದೇ. ನೇರ ವೈರ್ ಸಿಕ್ಕಿಸಿದ್ರೆ ತಾನಾಗೇ ತುಂಬಿ ನಿಲ್ಲುತ್ತೆ' ಅಂದ. ಇಂಜಿನಿಯರ್ ಆದ ನನಗೂ ಸರಿ ಅನ್ನಿಸ್ತು!

ಅಷ್ಟರಲ್ಲಿ ಕೆಳಗಿನ ಮನೆಯ ಹಿರಿಯರು, ನಲವತ್ತು ವರ್ಷ ಆಟೋ ಎಲೆಕ್ಟ್ರಿಷಿಯನ್ ಆಗಿದ್ದವರು, 'ವೇಂಡಾಂ ತಂಬಿ' ಅಂತ ಕೈ ಹಿಡಿದ್ರು. ಯಾಕೆ ಬೇಡ ಅನ್ನೋದು ನನಗೆ ಅರ್ಥ ಆಗಿದ್ದು ಈ ಎರಡು 12.6ರ ಇತಿಹಾಸ ಓದಿದ ಮೇಲೆ.

ಮೊದಲನೇ 12.6 ಸೀಸದ್ದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. ಒಂದು ಕೋಶಕ್ಕೆ ಸುಮಾರು 2.1 ವೋಲ್ಟ್. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು, ಬ್ಯಾಟರಿ ಕಾರಿನ ಖಾಯಂ ಸದಸ್ಯ ಆಯ್ತು. 1950ರ ದಶಕದಲ್ಲಿ ಕಾರುಗಳು 6 ವೋಲ್ಟಿಂದ 12ಕ್ಕೆ ಬಂದವು. ಆರು ಕೋಶ, 2.1ರಂತೆ, 12.6.

ಇದೇ ಸೀಸ ನಮ್ಮ ಕಡೆ ರೇಡಿಯೋ ಮೂಲಕ ಮನೆಯೊಳಗೂ ಬಂತು. 1924ರಲ್ಲಿ ಇದೇ ಮದರಾಸಿನಲ್ಲಿ ಕೃಷ್ಣಸ್ವಾಮಿ ಚೆಟ್ಟಿಯವರ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಪ್ರಸಾರ ಶುರು ಮಾಡಿತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಮನೆಯಿಂದಲೇ 'ಆಕಾಶವಾಣಿ' ನಡೆಸಿದರು. ಕರೆಂಟ್ ಇಲ್ಲದ ಊರುಗಳಲ್ಲಿ ವಾಲ್ವ್ ರೇಡಿಯೋಗೆ ಬ್ಯಾಟರಿಯೇ ಗತಿ. ನಮ್ಮಜ್ಜ ಅದನ್ನ ಬಸ್ಸಿನ ಮೇಲೆ ಹೇರಿ ಪೇಟೆಗೆ ಕಳಿಸಿ ಚಾರ್ಜ್ ಮಾಡಿಸ್ತಿದ್ದರಂತೆ.

ಸೀಸಕ್ಕೆ ಒಂದು ಗುಣ ಇದೆ: ಅದು ಕ್ಷಮಿಸುತ್ತೆ. ಸ್ವಲ್ಪ ಹೆಚ್ಚು ಚಾರ್ಜ್ ಆದ್ರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತೆ. ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ಮುಗೀತು. 'ವೈರ್ ಸಿಕ್ಕಿಸು, ರಾತ್ರಿಯೆಲ್ಲ ಬಿಡು' ಅನ್ನೋದು ನಮಗೆ ತಲೆಮಾರುಗಳಿಂದ ಅಭ್ಯಾಸ ಆಗಿದ್ದು ಹೀಗೆ.

ಎರಡನೇ 12.6 ಲಿಥಿಯಂದು. ಇದಕ್ಕೆ ಕ್ಷಮೆ ಗೊತ್ತಿಲ್ಲ. 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹ ಬಳಸಿ ಬ್ಯಾಟರಿ ಮಾಡಿದರು. ಕೆಲಸ ಮಾಡಿತು, ಆದರೆ ಬೆಂಕಿಯ ಭಯ ಬಿಡಲಿಲ್ಲ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ತಂಡ ಕೋಬಾಲ್ಟ್ ಆಕ್ಸೈಡ್ ತಂದಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಲಿಥಿಯಂ ಲೋಹ ತೆಗೆದು ಕಾರ್ಬನ್ ಇಟ್ಟರು. ಹೀಗಿರೋವಾಗಲೇ 1989ರಲ್ಲಿ ಕೆನಡಾದ ಮೋಲಿ ಎನರ್ಜಿಯ ಲಿಥಿಯಂ ಲೋಹದ ಬ್ಯಾಟರಿಗಳನ್ನ ಬೆಂಕಿಯ ಕಾರಣಕ್ಕೇ ವಾಪಸ್ ತರಿಸಬೇಕಾಯ್ತು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಮಾರುಕಟ್ಟೆಗೆ ತಂದಿತು. 2019ರಲ್ಲಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ ಮೂವರಿಗೂ ನೊಬೆಲ್ ಬಂತು. ಈ ಜೋಡಣೆಯ ಗಡಿ ಕೋಶಕ್ಕೆ 4.2 ವೋಲ್ಟ್. ಮೂರು ಕೋಶ, 12.6.

ತಮಿಳುನಾಡಿಗೂ ಇದರಲ್ಲಿ ಪಾಲಿದೆ. ಅಳಗಪ್ಪ ಚೆಟ್ಟಿಯಾರ್ 300 ಎಕರೆ ಜಮೀನು, 15 ಲಕ್ಷ ರೂಪಾಯಿ ಕೊಟ್ಟಿದ್ದರಿಂದ ಕಾರೈಕುಡಿಯಲ್ಲಿ ಸೆಕ್ರಿ ಅನ್ನೋ ವಿದ್ಯುತ್ ರಸಾಯನ ಸಂಶೋಧನಾಲಯ 1953ರಲ್ಲಿ ಶುರುವಾಯ್ತು. ಅದರ ಚೆನ್ನೈ ಕೇಂದ್ರ ಇರೋದು ತರಮಣಿಯಲ್ಲಿ. ನೀವು ದಿನಾ ಆಫೀಸಿಗೆ ಹೋಗೋ ದಾರಿ!

ಈಗ ಹಿರಿಯರ 'ವೇಂಡಾಂ'ಗೆ ಬರೋಣ. ಕೋಶಕ್ಕೆ 3.5 ಇರೋ ಖಾಲಿ ಪ್ಯಾಕ್ ಅಂದ್ರೆ 10.5 ವೋಲ್ಟ್. ಕಾರಿನ ಬ್ಯಾಟರಿ 12.6. ನಡುವೆ 2.1 ವೋಲ್ಟ್ ವ್ಯತ್ಯಾಸ. ಮಧ್ಯೆ ಇರೋ ಪ್ರತಿರೋಧ ಓಮ್‌ನ ನೂರರಲ್ಲಿ ಕೆಲವೇ ಭಾಗ. ಲೆಕ್ಕ ಹಾಕಿ: 2 ಆಂಪಿಯರ್ ಸಾಕಾಗೋ ಪ್ಯಾಕಿಗೆ ಹತ್ತಾರು ಆಂಪಿಯರ್ ನುಗ್ಗುತ್ತೆ. ಆ ಹೊತ್ತಲ್ಲಿ ಯಾರಾದ್ರೂ ಇಂಜಿನ್ ಆನ್ ಮಾಡಿದ್ರೆ ಆಲ್ಟರ್ನೇಟರ್ 14.4 ಕೊಡುತ್ತೆ, ಅಂದ್ರೆ ಕೋಶಕ್ಕೆ 4.8. ಪ್ಯಾಕ್ ಉಬ್ಬಿ ಹೊತ್ತಿಕೊಳ್ಳುತ್ತೆ. ಹೊರಗೆ ಎದೆಮಟ್ಟ ನೀರು, ಒಳಗೆ ನಂದಿಸೋಕಾಗದ ಬೆಂಕಿ.

ಹಾಗಾಗಿ ಬಯಲಿಗೆ ಹೋಗೋರಿಗೆ ಇಷ್ಟು. ನಡುವೆ 12 ವೋಲ್ಟ್ ಡಿಸಿ ತಗೊಳ್ಳೋ ಬ್ಯಾಲೆನ್ಸ್ ಚಾರ್ಜರ್ ಇರಲೇಬೇಕು. ಕರೆಂಟಿಗೆ ಲಗಾಮು ಹಾಕೋದು, ಕೋಶ ಕೋಶಕ್ಕೂ 4.2 ಕಾಯೋದು ಅದೇ. ಸ್ಟಾರ್ಟರ್ ಬ್ಯಾಟರಿ ಆಳಕ್ಕೆ ಖಾಲಿ ಮಾಡೋದಕ್ಕೆ ಹುಟ್ಟಿದ್ದಲ್ಲ. 45 ಆಂಪಿಯರ್-ಅವರ್‌ನದ್ದಾದ್ರೆ ಹತ್ತು ತೆಗೀರಿ, ಸಾಕು. ಅಷ್ಟರಲ್ಲಿ 2200 ಎಂಎಎಚ್‌ನ ಮೂರು ಕೋಶದ ಪ್ಯಾಕ್ ನಾಲ್ಕು ತುಂಬುತ್ತವೆ. ಐದನೇದಕ್ಕೆ ಆಸೆಪಟ್ರೆ ಮನೆಗೆ ಕಾರು ತಳ್ಳಿಕೊಂಡು ಬರಬೇಕಾದೀತು. ಚಾರ್ಜರ್ ಸಿಕ್ಕಿಸಿರೋವಾಗ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಬಾನೆಟ್ ತೆರೆದಿಡಿ, ಸೀಸದ ಬ್ಯಾಟರಿ ಹತ್ರ ಕಿಡಿ ಹಾರಬಾರದು. ಹಾರಿಸಿ ತಂದ ಬಿಸಿ ಪ್ಯಾಕ್ ತಣ್ಣಗಾಗಲಿ. ಚೆನ್ನೈ ಮೇ ತಿಂಗಳ ಬಿಸಿಲಲ್ಲಂತೂ ನೆರಳು ಹುಡುಕಿ, ಪ್ಯಾಕನ್ನ ಕಾರಿನ ಸೀಟಿನ ಮೇಲಲ್ಲ, ಬರೀ ನೆಲದ ಮೇಲಿಟ್ಟು ಎದುರಿಗೇ ಕೂತಿರಿ.

ಅವತ್ತು ಹಿರಿಯರು ಏನು ಮಾಡಿದ್ರು ಗೊತ್ತಾ? ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿದ್ರು. ಲಿಪೋ ಬೇಕೇ ಇರಲಿಲ್ಲ. ಆ ಪುಟ್ಟ ಚಾರ್ಜರಿನೊಳಗೂ ಇರೋದು ಅದೇ: ನಡುವೆ ನಿಂತು ಅಳೆದು ಕೊಡೋ ಸರ್ಕ್ಯೂಟು. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಸಾಲು ಹಚ್ಚಿ. ನನ್ನ ಸರದಿ ಬಂದಾಗ ಸಂಜೆ ಆಗಿತ್ತು. ಟೆರೇಸ್ ಮೇಲೆ ಒಂದು ಕಡ್ಡಿ ನೆಟ್‌ವರ್ಕ್ ಸಿಕ್ತು. 'ಅವ್ವಾ, ಆರಾಮ ಅದೀನಿ' ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಮುಂದಿನ ವಾರ ಸಿಗೋಣ.