ಮ್ಯಾಕ್ರೋ ಕೀಲಿಗಳೂ ಕನ್ನಡದ ಕೀಲಿಮಣೆ ವಿನ್ಯಾಸಗಳೂ

ಸಂಘ-ಸಂಸ್ಥೆಗಳ ಕಚೇರಿಗಳಲ್ಲಿ ಒಂದೇ ಒಕ್ಕಣೆಯನ್ನು ಮತ್ತೆ ಮತ್ತೆ ಬೆರಳಚ್ಚಿಸಬೇಕಾಗುತ್ತದೆ. ಸಂಘದ ವಿಳಾಸ, ಆಹ್ವಾನ ಪತ್ರಿಕೆಯ ಮೊದಲ ಸಾಲು, ದೇಣಿಗೆ ರಸೀದಿಯ ವಾಕ್ಯ, ಪದಾಧಿಕಾರಿಗಳ ಹೆಸರು ಮುಂತಾದವು ಇಂಥವು. ಒಂದೇ ಗುಂಡಿಯನ್ನು ಒತ್ತಿದಾಗ ಇಡೀ ವಾಕ್ಯ ಮೂಡುವಂತೆ ಮಾಡುವ ಏರ್ಪಾಡಿಗೆ ಮ್ಯಾಕ್ರೋ ಕೀಲಿ ಎಂದು ಹೆಸರು. ಆದರೆ ಒಂದು ಗಣಕದಲ್ಲಿ ಸರಿಯಾಗಿ ಮೂಡಿದ ಹೆಸರು ಇನ್ನೊಂದರಲ್ಲಿ ಅರ್ಥವಿಲ್ಲದ ಅಕ್ಷರಗಳ ಗುಂಪಾಗಿ ಬರುವುದುಂಟು. ಅದಕ್ಕೆ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಕೀಲಿಮಣೆ ಅಕ್ಷರವನ್ನು ಅರಿಯದು

ಯು.ಎಸ್.ಬಿ. ಕೀಲಿಮಣೆಯು ಗಣಕಕ್ಕೆ ಅಕ್ಷರವನ್ನು ಕಳುಹಿಸುವುದಿಲ್ಲ. ಒತ್ತಿದ ಕೀಲಿಯ ಸ್ಥಾನವನ್ನು ಸೂಚಿಸುವ ಒಂದು ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಇಂಗ್ಲಿಷಿನ 'ಕೆ' ಇರುವ ಕೀಲಿಯ ಸಂಖ್ಯೆ 14. ಆ ಸಂಖ್ಯೆಯನ್ನು ಯಾವ ಅಕ್ಷರವೆಂದು ಓದಬೇಕೆಂಬುದನ್ನು ಗಣಕದಲ್ಲಿ ಆಗ ಚಾಲ್ತಿಯಲ್ಲಿರುವ ಕೀಲಿ ವಿನ್ಯಾಸವು ನಿರ್ಧರಿಸುತ್ತದೆ. ಕೀಲಿಮಣೆಯ ಸ್ಮರಣೆಯಲ್ಲಿ ದಾಖಲಾಗುವ ಮ್ಯಾಕ್ರೋ ಕೂಡ ಇಂತಹ ಸಂಖ್ಯೆಗಳ ಸರಣಿಯೇ. ಆದುದರಿಂದ ವಿನ್ಯಾಸ ಬದಲಾದರೆ ಬರಹವೂ ಬದಲಾಗುತ್ತದೆ.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ತೊಡಕಲ್ಲ. ಅಮೆರಿಕದ ವಿನ್ಯಾಸದಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಮಿಂಚಂಚೆಯ @ ಚಿಹ್ನೆ ಬರುತ್ತದೆ. ಬ್ರಿಟನ್ನಿನ ವಿನ್ಯಾಸದಲ್ಲಿ ಅದೇ ಜೋಡಿಯಿಂದ ಉದ್ಧರಣ ಚಿಹ್ನೆ ಬರುತ್ತದೆ. ಜರ್ಮನ್ ವಿನ್ಯಾಸದಲ್ಲಿ 'ವೈ' ಮತ್ತು 'ಝಡ್' ಅದಲುಬದಲಾಗಿವೆ. ರೂಪಾಯಿಯ ₹ ಚಿಹ್ನೆಯು 2010ರಲ್ಲಿ ಅಂಗೀಕೃತವಾಗಿ ಅದೇ ವರ್ಷ ಯುನಿಕೋಡ್ ಸೇರಿತು. ಆದರೂ ಅಮೆರಿಕದ ವಿನ್ಯಾಸದಲ್ಲಿ ಅದಕ್ಕೆ ಸ್ಥಾನವಿಲ್ಲ. ವಿಂಡೋಸ್‌ನಲ್ಲಿ 'ಇಂಗ್ಲಿಷ್ (ಇಂಡಿಯಾ)' ವಿನ್ಯಾಸವನ್ನು ಆರಿಸಿಕೊಳ್ಳಬೇಕು.

ಕನ್ನಡದ ಎರಡು ದಾರಿಗಳು

ಕನ್ನಡದಲ್ಲಿ ಎರಡು ವಿನ್ಯಾಸಗಳು ಹೆಚ್ಚಾಗಿ ಬಳಕೆಯಲ್ಲಿವೆ. ಮೊದಲನೆಯದು ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ' ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸ. ಎರಡನೆಯದು ಭಾರತೀಯ ಭಾಷೆಗಳಿಗೆ ಸಮಾನವಾಗಿ ರೂಪುಗೊಂಡ ಇನ್‌ಸ್ಕ್ರಿಪ್ಟ್.

'ಕನ್ನಡ' ಎಂಬ ಪದವನ್ನೇ ನೋಡೋಣ. ಕೆ. ಪಿ. ರಾವ್ ವಿನ್ಯಾಸದಲ್ಲಿ ಇದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು ಬೇಕು. ಇದೇ ಮ್ಯಾಕ್ರೋವನ್ನು ಇನ್‌ಸ್ಕ್ರಿಪ್ಟ್ ಇರುವ ಗಣಕದಲ್ಲಿ ಒತ್ತಿದರೆ 'ಕಲಿಲೈ' ಎಂದು ಮೂಡುತ್ತದೆ! ಕನ್ನಡ ತಂತ್ರಾಂಶವೇ ಚಾಲನೆಯಲ್ಲಿ ಇಲ್ಲದಿದ್ದರೆ ಬರಿಯ ಐದು ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ವಿಶೇಷ ತೊಡಕಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಕೀಲಿ ಇರುವುದರಿಂದ, ಕನ್ನಡಕ್ಕಾಗಿ ದಾಖಲಿಸಿದ ಮ್ಯಾಕ್ರೋ ಮುಂಬಯಿಯ ಮರಾಠಿ ಗಣಕದಲ್ಲಿ ಅದೇ ಪದವನ್ನು ದೇವನಾಗರಿಯಲ್ಲಿಯೂ, ಹೈದರಾಬಾದಿನ ಗಣಕದಲ್ಲಿ ತೆಲುಗು ಲಿಪಿಯಲ್ಲಿಯೂ ಮೂಡಿಸುತ್ತದೆ. ಚೆನ್ನೈಯ ಗಣಕದಲ್ಲಿ ತಮಿಳು-99 ವಿನ್ಯಾಸವಿದ್ದರೆ ಕೀಲಿಗಳ ಕ್ರಮವೇ ಬೇರೆ.

ಕಣ್ಣಿಗೆ ಕಾಣದ ಅಕ್ಷರ

'ರಾಜ್‌ಕುಮಾರ್' ಎಂಬಲ್ಲಿ 'ಜ್' ಮತ್ತು 'ಕು' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ನಡುವೆ ಅಗಲವಿಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಮ್ಯಾಕ್ರೋದಲ್ಲಿ ಅದು ಬಿಟ್ಟುಹೋದರೆ 'ರಾಜ್ಕುಮಾರ್' ಎಂದಾಗುತ್ತದೆ. ಸದಸ್ಯರ ಪಟ್ಟಿಯಲ್ಲಿ ಹೀಗೆ ಎರಡು ರೂಪಗಳು ಸೇರಿಕೊಂಡರೆ ಗಣಕವು ಅವನ್ನು ಇಬ್ಬರು ವ್ಯಕ್ತಿಗಳೆಂದೇ ಎಣಿಸುತ್ತದೆ. ಹುಡುಕಿದಾಗ ಒಬ್ಬರು ಸಿಗದೇ ಹೋಗಬಹುದು.

ಪರಿಹಾರಗಳು

1. ಕನ್ನಡ ವಾಕ್ಯಗಳನ್ನು ಕೀಲಿಮಣೆಯ ಸ್ಮರಣೆಯಲ್ಲಿ ಕೀಲಿಗಳ ಸರಣಿಯಾಗಿ ದಾಖಲಿಸದೆ, ಗಣಕದ ತಂತ್ರಾಂಶದಲ್ಲಿ ಯುನಿಕೋಡ್ ಪಠ್ಯವಾಗಿಯೇ ಇರಿಸುವುದು ಉತ್ತಮ. ವಿಂಡೋಸ್‌ನಲ್ಲಿ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶವು ಈ ಕೆಲಸಕ್ಕೆ ಒದಗುತ್ತದೆ. ಕಡತವನ್ನು ಯು.ಟಿ.ಎಫ್.-8 ರೂಪದಲ್ಲಿ ಉಳಿಸಬೇಕು. ಇಲ್ಲಿ ಅಕ್ಷರವೇ ನೇರವಾಗಿ ರವಾನೆಯಾಗುವುದರಿಂದ ವಿನ್ಯಾಸದ ಹಂಗಿಲ್ಲ.

2. ಕೆಲವು ತಂತ್ರಾಂಶಗಳು ಈ ರೀತಿಯ ರವಾನೆಯನ್ನು ಸ್ವೀಕರಿಸುವುದಿಲ್ಲ. ಅಲ್ಲಿ ವಾಕ್ಯವನ್ನು ನಕಲಿಸಿ ಅಂಟಿಸುವ ಮ್ಯಾಕ್ರೋ ಬರೆಯುವುದು ಲೇಸು. ಆದರೆ ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಕಡತಗಳು ಯುನಿಕೋಡ್ ಆಗಿರದಿದ್ದರೆ ಮೊದಲು ಅವನ್ನು ಪರಿವರ್ತಿಸಿಕೊಳ್ಳಬೇಕು.

3. ಕೀಲಿಮಣೆಯಲ್ಲಿಯೇ ದಾಖಲಿಸುವುದು ಅನಿವಾರ್ಯವಾದರೆ, ಯಾವ ವಿನ್ಯಾಸದಲ್ಲಿ ದಾಖಲಿಸಲಾಯಿತೆಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಒತ್ತುವ ಮೊದಲು ಪರದೆಯ ಕೆಳಗಿನ ಭಾಷಾಸೂಚಕವನ್ನು ನೋಡಬೇಕು. ಕ್ಯು.ಎಂ.ಕೆ. ಬಳಸುವ ಕೀಲಿಮಣೆಗಳು ಪಠ್ಯ ಕಳುಹಿಸುವಾಗ ಸಹಜವಾಗಿ ಅಮೆರಿಕದ ವಿನ್ಯಾಸವನ್ನೇ ಊಹಿಸಿಕೊಳ್ಳುತ್ತವೆ ಎಂಬುದನ್ನು ನೆನಪಿಡಬೇಕು.

4. ನಡುನಡುವೆ ಅಕ್ಷರಗಳು ಬಿಟ್ಟುಹೋಗುತ್ತಿದ್ದರೆ ಮ್ಯಾಕ್ರೋದ ವೇಗ ಹೆಚ್ಚಾಗಿರಬಹುದು. ಕೀಲಿಗಳ ನಡುವೆ ಕೆಲವು ಮಿಲಿಸೆಕೆಂಡುಗಳ ವಿರಾಮ ಸೇರಿಸಿ ನೋಡಬೇಕು.

5. ಗುಪ್ತಪದವನ್ನು ಎಂದಿಗೂ ಮ್ಯಾಕ್ರೋ ಕೀಲಿಯಲ್ಲಿ ಇರಿಸಬಾರದು. ಗುಂಡಿ ಒತ್ತಿದ ಯಾರಿಗಾದರೂ ಅದು ತೆರೆದುಕೊಳ್ಳುತ್ತದೆ.

ಹೊಸ ಮ್ಯಾಕ್ರೋ ಸಿದ್ಧವಾದಾಗ ಮೊದಲು ಖಾಲಿ ಕಡತದಲ್ಲಿ ಒತ್ತಿ, ಒತ್ತಕ್ಷರ, ದೀರ್ಘ, ಅನುಸ್ವಾರಗಳನ್ನು ಪರಿಶೀಲಿಸಿ ಆ ಬಳಿಕವೇ ರಸೀದಿಗೂ ಆಹ್ವಾನ ಪತ್ರಿಕೆಗೂ ಬಳಸುವುದು ಕ್ಷೇಮ. ಹೊರನಾಡಿನಲ್ಲಿ ಅಚ್ಚಾಗುವ ಕನ್ನಡದ ಒಂದು ಕಾಗದದಲ್ಲಿ ಹಿರಿಯರೊಬ್ಬರ ಹೆಸರು ತಪ್ಪಿಲ್ಲದೆ ಇರಬೇಕಾದರೆ ಇಷ್ಟು ಎಚ್ಚರಿಕೆ ಹೆಚ್ಚಿನದೇನಲ್ಲ.