ಎ ಅಂಡ್ ಪಿ: ಚಹಾ ಅಂಗಡಿಯಿಂದ ದಿವಾಳಿಯವರೆಗೆ
ಅಮೆರಿಕದ ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿಯನ್ನು ಜನ ಕರೆಯುತ್ತಿದ್ದದ್ದು ಎ ಅಂಡ್ ಪಿ ಎಂದು. ಅದರ ಮೂಲ 1859ರ ನ್ಯೂಯಾರ್ಕ್‌ನಲ್ಲಿದೆ. ಚರ್ಮದ ವ್ಯಾಪಾರಿ ಜಾರ್ಜ್ ಗಿಲ್ಮನ್ ಚಹಾ ಮಾರಾಟಕ್ಕೆ ಇಳಿದರು; ಅವರಲ್ಲಿ ಕೆಲಸಕ್ಕಿದ್ದ ಜಾರ್ಜ್ ಹಂಟಿಂಗ್‌ಟನ್ ಹಾರ್ಟ್‌ಫೋರ್ಡ್ ಮುಂದೆ ಪಾಲುದಾರರಾಗಿ ಇಡೀ ಸಂಸ್ಥೆಯನ್ನು ಕೈಗೆ ತೆಗೆದುಕೊಂಡರು. 1869ರಲ್ಲಿ ಖಂಡದ ಎರಡು ದಡಗಳನ್ನು ಬೆಸೆಯುವ ರೈಲುಮಾರ್ಗ ಪೂರ್ಣಗೊಂಡಿತು. ಆ ಸಂಭ್ರಮದ ಹೊತ್ತಿನಲ್ಲೇ ಕಂಪನಿಗೆ ಎರಡು ಸಾಗರಗಳ ಹೆಸರು ಬಂತು.

ಆಗಿನ ದಿನಸಿ ವ್ಯಾಪಾರ ನಡೆಯುತ್ತಿದ್ದದ್ದು ಉದ್ರಿಯ ಮೇಲೆ. ಸಾಮಾನು ಮನೆಬಾಗಿಲಿಗೆ ಬರುತ್ತಿತ್ತು, ಖರೀದಿಗೆ ಪಿಂಗಾಣಿ ಪಾತ್ರೆಯಂಥ ಉಡುಗೊರೆಗಳೂ ಸಿಗುತ್ತಿದ್ದವು. ಹಾರ್ಟ್‌ಫೋರ್ಡರ ಮಗ ಜಾನ್ 1912ರಲ್ಲಿ ಜರ್ಸಿ ಸಿಟಿಯಲ್ಲಿ ಇವೆಲ್ಲವನ್ನೂ ಕೈಬಿಟ್ಟ ಪುಟ್ಟ ಅಂಗಡಿಯೊಂದನ್ನು ತೆರೆದರು. ಉದ್ರಿ ಇಲ್ಲ, ಮನೆಗೆ ತಲುಪಿಸುವುದಿಲ್ಲ, ಉಡುಗೊರೆ ಇಲ್ಲ. ಒಬ್ಬನೇ ಆಳು, ಸಾದಾ ಕಪಾಟು, ನಗದು ವ್ಯವಹಾರ. ಉಳಿದ ಖರ್ಚು ಬೆಲೆ ಇಳಿಕೆಯಾಗಿ ಗಿರಾಕಿಗೆ ಸಿಕ್ಕಿತು. 1930ರ ಹೊತ್ತಿಗೆ ಅಂಗಡಿಗಳ ಸಂಖ್ಯೆ ಸುಮಾರು 16,000 ಮುಟ್ಟಿತ್ತು, ವರ್ಷದ ವಹಿವಾಟು 100 ಕೋಟಿ ಡಾಲರ್ ದಾಟಿತ್ತು. ಬಡವರ ಊಟದ ಖರ್ಚನ್ನು ಇಷ್ಟು ತಗ್ಗಿಸಿದ ಸಂಸ್ಥೆಗಳು ಅಮೆರಿಕದಲ್ಲಿ ವಿರಳ.

ಅದೇ ವರ್ಷ ಮೈಕೆಲ್ ಕಲನ್ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಕಿಂಗ್ ಕಲನ್ ಎಂಬ ದೊಡ್ಡ ಮಳಿಗೆ ತೆರೆದರು. ಗಿರಾಕಿಗಳೇ ಸಾಮಾನು ಆರಿಸಿಕೊಳ್ಳುವ ಸೂಪರ್‌ಮಾರ್ಕೆಟ್ ಅದು. ಎ ಅಂಡ್ ಪಿ ತಡವಾಗಿಯಾದರೂ ಎಚ್ಚೆತ್ತು, ಸಾವಿರಾರು ಚಿಕ್ಕ ಅಂಗಡಿಗಳನ್ನು ಮುಚ್ಚಿ ದೊಡ್ಡವನ್ನು ಕಟ್ಟಿತು. ಏಟ್ ಓ'ಕ್ಲಾಕ್ ಕಾಫಿ ಅದರ ಹೆಮ್ಮೆಯ ಸರಕು: ಹುರಿದ ಬೀಜದ ಕೆಂಪು ಚೀಲ ಕೊಂಡವರಿಗೆ ಅಂಗಡಿಯ ಯಂತ್ರದಲ್ಲೇ ಬೇಕಾದ ಹದಕ್ಕೆ ಪುಡಿ ಮಾಡಿಕೊಡುತ್ತಿದ್ದರು.

ಸಣ್ಣ ವ್ಯಾಪಾರಿಗಳ ಸಿಟ್ಟು ಕಾನೂನಿನ ರೂಪ ತಾಳಿತು. ಸಗಟು ಖರೀದಿಯಲ್ಲಿ ದೊಡ್ಡವರಿಗೆ ಸಿಗುತ್ತಿದ್ದ ವಿಶೇಷ ರಿಯಾಯಿತಿಗೆ 1936ರ ರಾಬಿನ್‌ಸನ್-ಪ್ಯಾಟ್ಮನ್ ಕಾಯ್ದೆ ಕಡಿವಾಣ ಹಾಕಿತು. 1946ರಲ್ಲಿ ಏಕಸ್ವಾಮ್ಯ ವಿರೋಧಿ ಮೊಕದ್ದಮೆಯಲ್ಲಿ ಕಂಪನಿ ತಪ್ಪಿತಸ್ಥ ಎಂದು ತೀರ್ಪಾಯಿತು.

ಆದರೂ ಅದನ್ನು ಕೊಂದದ್ದು ನ್ಯಾಯಾಲಯವಲ್ಲ. ಜಾನ್ 1951ರಲ್ಲಿ, ಅಣ್ಣ ಜಾರ್ಜ್ 1957ರಲ್ಲಿ ತೀರಿಕೊಂಡರು. ಷೇರುಗಳ ದೊಡ್ಡ ಪಾಲು ಹಾರ್ಟ್‌ಫೋರ್ಡ್ ಪ್ರತಿಷ್ಠಾನಕ್ಕೆ ಹೋಯಿತು. ಲಾಭ ಡಿವಿಡೆಂಡ್ ಆಗಿ ಹಂಚಿಹೋಗುತ್ತಿತ್ತು, ಹೊಸ ಮಳಿಗೆಗೆ ಹಣ ಉಳಿಯುತ್ತಿರಲಿಲ್ಲ. ಕಾರಿದ್ದ ಕುಟುಂಬಗಳು ಉಪನಗರಗಳಿಗೆ ಹೊರಟವು. ಎ ಅಂಡ್ ಪಿಯ ಇಕ್ಕಟ್ಟಾದ ಹಳೆಯ ಅಂಗಡಿಗಳು ನಗರದಲ್ಲೇ ಉಳಿದವು. 1970ರ ದಶಕದಲ್ಲಿ ನೂರಾರು ಮುಚ್ಚಿದವು. 1979ರಲ್ಲಿ ಜರ್ಮನಿಯ ಟೆಂಗೆಲ್ಮನ್ ಸಂಸ್ಥೆ ನಿಯಂತ್ರಣ ಪಡೆಯಿತು.

2003ರಲ್ಲಿ ಕಾಫಿ ವಿಭಾಗವೂ ಮಾರಾಟವಾಯಿತು. ಅದರ ಹೊಸ ಮಾಲೀಕರಿಂದ 2006ರಲ್ಲಿ ಅದನ್ನು ಕೊಂಡದ್ದು ಕೊಡಗಿನ ಪಾಲಿಬೆಟ್ಟದ ಟಾಟಾ ಕಾಫಿ. 2007ರಲ್ಲಿ ಪಾತ್‌ಮಾರ್ಕ್ ಸರಪಳಿಯ ಖರೀದಿ ಎ ಅಂಡ್ ಪಿಯ ಸಾಲದ ಹೊರೆ ಏರಿಸಿತು. 2010ರಲ್ಲಿ ಮೊದಲ ಬಾರಿ, 2015ರ ಜುಲೈನಲ್ಲಿ ಎರಡನೇ ಬಾರಿ ದಿವಾಳಿ ಅರ್ಜಿ ಹಾಕಿತು. ಆಗ ಉಳಿದಿದ್ದದ್ದು ಸುಮಾರು 300 ಮಳಿಗೆ. ಕೆಲವನ್ನು ಆಕ್ಮೆ, ಸ್ಟಾಪ್ ಅಂಡ್ ಶಾಪ್‌ನಂಥ ಪ್ರತಿಸ್ಪರ್ಧಿಗಳು ಕೊಂಡರು. ಆ ವರ್ಷದ ನವೆಂಬರ್‌ನಲ್ಲಿ ಕೊನೆಯವೂ ಮುಚ್ಚಿದವು.